ಪವರ್ ಪ್ರೆಸ್‌ನಲ್ಲಿ ಬೆರಳಿಗೆ ಪೆಟ್ಟು: ಕಾರ್ಖಾನೆ ಇಲಾಖೆಗೆ ವರದಿ ಮಾಡಲೇಬೇಕಾ?

ಪ್ರೆಸ್‌ಶಾಪ್_ಸೂಪರ್‌ವೈಸರ್:
63 ಟನ್ ಪವರ್ ಪ್ರೆಸ್ (ತಗಡನ್ನು ಡೈ ಎಂಬ ಅಚ್ಚಿನ ಮೇಲೆ ಒತ್ತುವ ಯಂತ್ರ), ರೋಲಿಂಗ್ ಕೀ ಕ್ಲಚ್ (ತಿರುಗುವ ಚಕ್ರವನ್ನು ಕೀ ಮೂಲಕ ಒತ್ತುವ ಭಾಗಕ್ಕೆ ಜೋಡಿಸುವ ಕೊಂಡಿ). ಶುಕ್ರವಾರ ಮಧ್ಯಾಹ್ನ 3 ಗಂಟೆಗೆ ಡೈಯಿಂದ ಪೀಸ್ ತೆಗೆಯುವಾಗ ಪೆಡಲ್ ಒತ್ತದೆಯೇ, ಮೇಲಿಂದ ಬಂದು ಒತ್ತುವ ಭಾಗವಾದ ರ‍್ಯಾಮ್ ಇನ್ನೊಮ್ಮೆ ಬಿತ್ತು. ಆಪರೇಟರ್‌ನ ತೋರುಬೆರಳ ತುದಿ ಮೂಳೆ ಬಿರುಕು ಬಿಟ್ಟಿದೆ, ಹೊಲಿಗೆ ಹಾಕಿ ಸ್ಪ್ಲಿಂಟ್ ಕಟ್ಟಿದ್ದಾರೆ. ಡಾಕ್ಟರು ಐದು ದಿನ ವಿಶ್ರಾಂತಿ ಬರೆದಿದ್ದಾರೆ. ಎಚ್‌ಆರ್ ಹೇಳುವುದು ಹೀಗೆ: "ಶನಿವಾರ ಒಂದು ದಿನ ರಜೆ, ಭಾನುವಾರ ಹೇಗೂ ವಾರದ ರಜೆ, ಸೋಮವಾರ ಬಂದು ಗೇಟಿನಲ್ಲಿ ರಿಜಿಸ್ಟರ್ ಬರೆಯಲಿ. ವರದಿಗೆ ಬೇಕಾದ 48 ಗಂಟೆ ತುಂಬುವುದಿಲ್ಲ. ಅದೂ ಅಲ್ಲದೆ ಆತ ಗುತ್ತಿಗೆದಾರರ ಕಡೆಯವನು." ಇದು ಸರಿಯಾ?

ಸುರಕ್ಷತಾ_ಅಧಿಕಾರಿ:
ಸರಿಯಲ್ಲ ಸರ್, ವರದಿ ಮಾಡಲೇಬೇಕು.

ಕಾರ್ಖಾನೆ ಕಾಯ್ದೆ 1948ರ ಸೆಕ್ಷನ್ 88 ಕೇಳುತ್ತಿದ್ದುದು ಗಾಯಾಳು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದ ಸ್ಥಿತಿಯಲ್ಲಿದ್ದನೇ ಎಂದು. ಎಷ್ಟು ದಿನ ರಜೆ ಹಾಕಿದ ಎಂದಲ್ಲ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ, ಅಂದರೆ ಓಎಸ್‌ಎಚ್ ಸಂಹಿತೆಯ ಸೆಕ್ಷನ್ 10ರಲ್ಲೂ ಅಳತೆ ಅದೇ 48 ಗಂಟೆ. ಶುಕ್ರವಾರ 3ರಿಂದ ಎಣಿಸಿದರೆ ಭಾನುವಾರ 3ಕ್ಕೆ ಮುಗಿಯಿತು. ವಾರದ ರಜೆ ಬಂತೆಂದು ಬೆರಳು ವಾಸಿಯಾಗುವುದಿಲ್ಲ, ಆದ್ದರಿಂದ ಭಾನುವಾರವನ್ನು ಲೆಕ್ಕದಿಂದ ತೆಗೆಯುವ ಹಾಗಿಲ್ಲ. ಗೇಟಿನಲ್ಲಿ ಕೂರಿಸುವ ಉಪಾಯವೂ ನಿಲ್ಲುವುದಿಲ್ಲ: ಸೋಮವಾರ ಅದೇ ಪ್ರೆಸ್ ಮುಂದೆ ನಿಂತು ತನ್ನ ಕೆಲಸ ಮಾಡಬಲ್ಲನೇ ಎಂದು ಕೇಳಿಕೊಳ್ಳಿ. ಐದು ದಿನದ ಸರ್ಟಿಫಿಕೇಟ್ ಕೈಯಲ್ಲಿರುವಾಗ ಈ ವಾದ ಹೂಡಲೇಬಾರದು.

ಇನ್ನೊಂದು ಸಂದರ್ಭದಲ್ಲಿ ಬಹಳ ಜನ ಎಡವುತ್ತಾರೆ. ಗಾಯಾಳು ಮರುದಿನ ಕೆಲಸಕ್ಕೆ ಬಂದು, ನಾಲ್ಕು ದಿನದ ಮೇಲೆ ಕೀವಾಗಿ ಮಲಗಿದರೆ? ಹಲವು ರಾಜ್ಯಗಳ ನಿಯಮಗಳ ಪ್ರಕಾರ, ತಡವಾಗಿ ಬಂದ ಅಥವಾ ಕಂತುಕಂತಾಗಿ ಬಂದ ಅಶಕ್ತತೆಯನ್ನೂ ಕೂಡಿಸಬೇಕು. ಮೊತ್ತ 48 ಗಂಟೆ ಮುಟ್ಟಿದ ಮೇಲೆ 24 ಗಂಟೆಯೊಳಗೆ ವರದಿ ಹೋಗಬೇಕು. ಹಾಗಾಗಿ ಸಣ್ಣ ಪೆಟ್ಟನ್ನೂ ಸಮಯ ಸಮೇತ ಬರೆದಿಡಿ.

ಗುತ್ತಿಗೆ ವಿಷಯ: ಅಪಘಾತ ನಡೆದದ್ದು ನಿಮ್ಮ ಕಾರ್ಖಾನೆಯ ಯಂತ್ರದಲ್ಲಿ. ಸಂಬಳ ಯಾರು ಕೊಟ್ಟರೂ ನೋಟಿಸ್ ಕಳಿಸಬೇಕಾದವರು ನಿಮ್ಮ ಮ್ಯಾನೇಜರ್. ಕರ್ನಾಟಕದಲ್ಲಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ.

ಇಎಸ್‌ಐ_ಗುಮಾಸ್ತ:
ಇಎಸ್‌ಐ (ನೌಕರರ ರಾಜ್ಯ ವಿಮೆ) ವರದಿ ಇದರಿಂದ ಬೇರೆ, ಅದಕ್ಕೆ 48 ಗಂಟೆ ಕಾಯುವಂತಿಲ್ಲ. ಅಪಘಾತ ಪುಸ್ತಕ ಫಾರಂ 11ರಲ್ಲಿ ಅಂದೇ ನಮೂದು ಮಾಡಿ. ಫಾರಂ 12 ವಿಷಯ ತಿಳಿದ 24 ಗಂಟೆಯೊಳಗೆ ಹೋಗಬೇಕು. ಸಾವು ಅಥವಾ ಅಂಗ ಹೋಗುವಂಥ ಪೆಟ್ಟಾದರೆ ತಕ್ಷಣ.

ಎಚ್‌ಆರ್‌ನವರಿಗೆ ಇದನ್ನು ತೋರಿಸಿ: ವೈದ್ಯರ ಸರ್ಟಿಫಿಕೇಟ್ ಇಎಸ್‌ಐ ಕಡತದಲ್ಲಿ ಇದ್ದೇ ಇರುತ್ತದೆ. ಅಲ್ಲಿ ಐದು ದಿನ ಅಶಕ್ತ, ನಿಮ್ಮ ಹಾಜರಿಯಲ್ಲಿ ಸೋಮವಾರವೇ ಹಾಜರು, ಇಲಾಖೆಯಲ್ಲಿ ಏನೂ ಇಲ್ಲ. ಮೂರೂ ಕಾಗದ ಒಂದೇ ಮೇಜಿಗೆ ಬಂದ ದಿನ ಉತ್ತರ ಕೊಡಬೇಕಾದವರು ಮ್ಯಾನೇಜರ್. ಅದಕ್ಕಿಂತ ದೊಡ್ಡ ಮಾತು ಆ ಹುಡುಗನದು. ನಾಳೆ ಬೆರಳ ಗೆಣ್ಣು ಮಡಚಲು ಬಾರದೆ ಉಳಿದರೆ ಶಾಶ್ವತ ಅಂಗವೈಕಲ್ಯದ ಪರಿಹಾರಕ್ಕೆ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ಫಾರಂ 12 ಇಲ್ಲದಿದ್ದರೆ ಇದು ಕೆಲಸದಲ್ಲೇ ಆದ ಗಾಯ ಎಂದು ಸಾಬೀತು ಮಾಡಲು ಅವನು ಅಲೆಯಬೇಕಾಗುತ್ತದೆ.

ಪ್ರೆಸ್‌ಶಾಪ್_ಸೂಪರ್‌ವೈಸರ್:
ಅರ್ಥವಾಯಿತು, ಇವತ್ತೇ ಕಳಿಸುತ್ತೇವೆ. ಇನ್ನೊಂದು ಸಂಶಯ: ಸಾಣೆ ಹಿಡಿಯುವ ಪೆಡಸ್ಟಲ್ ಗ್ರೈಂಡರ್‌ನ ಚಕ್ರ ಓಡುತ್ತಿರುವಾಗಲೇ ಸಿಡಿದರೆ, ಯಾರಿಗೂ ತಾಗದಿದ್ದರೆ?

ಸುರಕ್ಷತಾ_ಅಧಿಕಾರಿ:
ಅದಕ್ಕೂ ನೋಟಿಸ್ ಬೇಕು. ಹಳೆಯ ಕಾಯ್ದೆಯ ಸೆಕ್ಷನ್ 88ಎ ಇದ್ದುದೇ ಗಾಯ ಆಗಲಿ ಬಿಡಲಿ ವರದಿ ಮಾಡಬೇಕಾದ ಅಪಾಯಕಾರಿ ಘಟನೆಗಳಿಗೆ. ಈಗ ಸಂಹಿತೆಯಲ್ಲಿ ಅದು ಸೆಕ್ಷನ್ 11. ಯಾಂತ್ರಿಕ ಶಕ್ತಿಯಿಂದ ತಿರುಗುವ ಗ್ರೈಂಡಿಂಗ್ ಚಕ್ರ ಒಡೆಯುವುದು, ಕ್ರೇನ್ ಅಥವಾ ಹಾಯ್ಸ್ಟ್ ಕುಸಿಯುವುದು, ಒತ್ತಡದ ಪಾತ್ರೆ ಸಿಡಿಯುವುದು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತವೆ. ನಿಮ್ಮ ರಾಜ್ಯದ ನಿಯಮಗಳ ಅನುಬಂಧ ತೆಗೆದು ಓದಿ.

ಮೇಂಟೆನೆನ್ಸ್_ಫಿಟ್ಟರ್:
ಕಾಗದದ ಜೊತೆ ಪ್ರೆಸ್ಸನ್ನೂ ನೋಡಿ. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ರ‍್ಯಾಮ್ ಎಲ್ಲಿ ನಿಂತಿದೆ, ಗಾರ್ಡ್ ಹೇಗಿತ್ತು, ಪೆಡಲ್ ಕೊಂಡಿ ಯಾವ ಸ್ಥಿತಿಯಲ್ಲಿದೆ, ಎಲ್ಲಕ್ಕೂ ಫೋಟೋ ತೆಗೆದ ಮೇಲೆಯೇ ಬಿಚ್ಚಿ. ಪೆಡಲ್ ಒತ್ತದೆ ಸ್ಟ್ರೋಕ್ ಬಂತು ಎಂದರೆ ನೋಡಬೇಕಾದ ಜಾಗ ಗೊತ್ತಿರುವಂಥದ್ದೇ: ಕೀ ಅಂಚು ಸವೆದು ದುಂಡಗಾಗಿರುತ್ತದೆ, ಇಲ್ಲವೇ ಕೀಯನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಸೋತಿರುತ್ತದೆ ಅಥವಾ ತುಂಡಾಗಿರುತ್ತದೆ, ಇಲ್ಲವೇ ಕೀ ತಡೆಯುವ ಲ್ಯಾಚ್ ಸವೆದಿರುತ್ತದೆ. ಬ್ರೇಕ್ ಲೈನಿಂಗಿಗೆ ಎಣ್ಣೆ ಹತ್ತಿದ್ದರೆ ರ‍್ಯಾಮನ್ನು ಏರಿಳಿಸುವ ಕ್ರ್ಯಾಂಕ್, ಮೇಲ್ತುದಿಯಲ್ಲಿ ನಿಲ್ಲಬೇಕಾದ ಜಾಗ ದಾಟಿ ಜಾರುತ್ತದೆ.

ಈ ಕ್ಲಚ್ ಒಮ್ಮೆ ಹಿಡಿದರೆ ಪೂರ್ತಿ ಒಂದು ಸುತ್ತು ಮುಗಿಸದೆ ಬಿಡುವುದಿಲ್ಲ, ನಡುವೆ ನಿಲ್ಲಿಸಲು ಬರುವುದಿಲ್ಲ. ಎರಡು ಕೈ ಬಟನ್ ಹಾಕಿದರೂ ತಾನಾಗಿಯೇ ಬೀಳುವ ಎರಡನೇ ಸ್ಟ್ರೋಕಿನಿಂದ ಕೈ ಉಳಿಯುವುದಿಲ್ಲ. ಡೈ ಸುತ್ತ ಕೈ ತೂರದಂಥ ಗಾರ್ಡ್ ಇರಲಿ, ಪೀಸ್ ತೆಗೆಯಲು ಇಕ್ಕಳ ಕೊಡಿ. ವರದಿಯ ಕಾರಣದ ಕಾಲಂನಲ್ಲಿ "ಆಪರೇಟರ್ ಅಜಾಗ್ರತೆ" ಎಂದು ಬರೆಯಬೇಡಿ. ಸಿಕ್ಕ ಭಾಗದ ಹೆಸರು, ಅದರ ಸ್ಥಿತಿ, ಕೊನೆಯ ಸಲ ತಪಾಸಣೆ ಮಾಡಿದ ತಾರೀಖು ಬರೆಯಿರಿ. ಸವೆದ ಕೀಯನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಎತ್ತಿಡಿ, ಇನ್‌ಸ್ಪೆಕ್ಟರ್ ಬಂದರೆ ಕೇಳುತ್ತಾರೆ.