ಓದುಗರ ಸ್ಪಂದನ: ವಿಡಿಯೊ ಕ್ಲಾಸಿನಲ್ಲಿ ಸೋತು ಹೋದ ಟೀಚರ್‌ಗೆ

ಸಮಸ್ಯೆ (2021ರ ಪತ್ರ, ಕೊರೊನಾ ಕಾಲದ್ದು): ಅಂಗವೈಕಲ್ಯ ಇರುವ ಮಕ್ಕಳ ವಿಶೇಷ ಶಾಲೆಯಲ್ಲಿ 9 ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ ಮೇಲೆ ಎಲ್ಲವೂ ಫೋನಿನಲ್ಲೇ. ನನ್ನ ಎಂಟು ಮಕ್ಕಳಲ್ಲಿ ಒಬ್ಬರೂ ಅದರ ಮುಂದೆ ಐದು ನಿಮಿಷ ಕೂರುವುದಿಲ್ಲ. ದಿನಕ್ಕೆ ಮೂರು ಗಂಟೆ ಕ್ಲಾಸ್ ನಡೆಯಲೇಬೇಕು ಎನ್ನುತ್ತಾರೆ ಶಾಲೆಯವರು. ಕಲಿಸಿದ್ದೆಲ್ಲ ಮಕ್ಕಳು ಮರೆಯುತ್ತಿದ್ದಾರೆ ಅನ್ನಿಸಿ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ತಂಗಿ, ನಿಮ್ಮ ಪತ್ರ ಓದಿ ಎರಡು ದಿನ ಅದೇ ಯೋಚನೆಯಲ್ಲಿದ್ದೆ. ಕಳೆದ ವರ್ಷ ನಾನೂ ಫೋನಿನೊಳಗೆ ತರಗತಿ ನಡೆಸಲು ಹೋಗಿ ಸೋತವಳು. ಬಟನ್ ಹಾಕುವುದನ್ನು ನಾವು ಹೇಗೆ ಕಲಿಸುತ್ತೇವೆ? ಮಗುವಿನ ಹಿಂದೆ ಕೂತು, ಅದರ ಕೈ ಮೇಲೆ ನಮ್ಮ ಕೈಯಿಟ್ಟು ಅಲ್ವಾ? ಅದನ್ನು ವಿಡಿಯೊದಲ್ಲಿ ತೋರಿಸಿದರೆ, ಆಟಿಸಂ ಇರುವ ನನ್ನ ಹುಡುಗನೊಬ್ಬ ಪರದೆಯ ಮೂಲೆಯ ಕೆಂಪು ಗುರುತನ್ನೇ ನೋಡುತ್ತಾ ಕೂರುತ್ತಿದ್ದ. ತಪ್ಪು ಅವನದಲ್ಲ, ನನ್ನದೂ ಅಲ್ಲ. ಇದು ಅರ್ಥವಾಗಲು ನನಗೆ ಮೂರು ತಿಂಗಳು ಬೇಕಾಯಿತು.

ಆಮೇಲೆ ಮಗುವನ್ನು ಫೋನಿನ ಮುಂದೆ ಕೂರಿಸುವುದು ಬಿಟ್ಟೆ. ಅಮ್ಮಂದಿರ ಜೊತೆ ಮಾತಾಡಲು ಶುರು ಮಾಡಿದೆ. ಒಂದು ಮನೆಗೆ ವಾರಕ್ಕೆ ಎರಡು ಸಲ, 15 ನಿಮಿಷ. ತಿಂಗಳಿಗೆ ಒಂದೇ ಗುರಿ. ಒಬ್ಬಳಿಗೆ ಅವರೆಕಾಯಿ ಸುಲಿಯುವುದು. ಬೆರಳಿಗೂ ಕೆಲಸ, ಎಣಿಕೆಯೂ ಆಯಿತು. ಇನ್ನೊಬ್ಬನಿಗೆ ಒಗೆದ ಬಟ್ಟೆಯಲ್ಲಿ ಅಪ್ಪನದು, ತನ್ನದು ಅಂತ ಬೇರೆ ಮಾಡುವುದು. ಎಷ್ಟೋ ವಾರ ಏನೂ ಆಗಲಿಲ್ಲ. ಡಿಸೆಂಬರ್ ಹೊತ್ತಿಗೆ ಆ ಹುಡುಗ ಬಾಗಿಲ ಹತ್ತಿರದ ಚಪ್ಪಲಿಗಳನ್ನೂ ಜೋಡಿ ಮಾಡಿ ಇಡತೊಡಗಿದ. ಅದನ್ನು ನಾನು ಯಾವತ್ತೂ ಕಲಿಸಿರಲಿಲ್ಲ.

ಇನ್ನು ಆ ಮೂರು ಗಂಟೆ. ಆನ್‌ಲೈನ್ ತರಗತಿಗಳ ಬಗ್ಗೆ 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿ ಇದೆ. 1ರಿಂದ 8ನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ ಸಾಕು ಎನ್ನುತ್ತದೆ ಅದು. ಪ್ರಿಂಟ್ ತೆಗೆದು ಶಾಲೆಯವರಿಗೆ ಕೊಡಿ. ಕೊಟ್ಟು, ಸಮಾಧಾನವಾಗಿ ಕೂತು ಮಾತಾಡಿ. ರಾತ್ರಿ 8ರ ಮೇಲೆ ವಾಟ್ಸ್‌ಆ್ಯಪ್ ನೋಡಬೇಡಿ.
– ವಿಶೇಷ ಶಿಕ್ಷಕಿ, ತುಮಕೂರು

ಟೀಚರ್, ನಾನು ಡೌನ್ ಸಿಂಡ್ರೋಮ್ ಇರುವ 11 ವರ್ಷದ ಮಗಳ ತಾಯಿ. ಮೇಲಿನ ಮೇಡಂ ಹೇಳಿದ್ದು ಸರಿ. ಆದರೆ ಅಮ್ಮಂದಿರಿಗೂ ದಣಿವಿದೆ. ಅದಕ್ಕೇ ಒಂದು ಸಲಕ್ಕೆ ಒಂದೇ ಕೆಲಸ ಕೊಡಿ. ನಮ್ಮ ಮನೆಯಲ್ಲಿರುವುದು ಒಂದೇ ಫೋನು. ನಮ್ಮವರು ಕೆಲಸದಿಂದ ಬರುವುದೇ ರಾತ್ರಿ 8ಕ್ಕೆ. ಹಾಗಾಗಿ ನಮ್ಮ ಟೀಚರ್ ಹಗಲಲ್ಲೇ ವಾಯ್ಸ್ ಮೆಸೇಜ್ ಕಳಿಸಿಬಿಡುತ್ತಾರೆ. ನಾನು ರಾತ್ರಿ ಕೇಳಿಸಿಕೊಳ್ಳುತ್ತೇನೆ, ಅವರು ಬೆಳಿಗ್ಗೆ ಉತ್ತರ ಕೊಡುತ್ತಾರೆ. ಇಬ್ಬರಿಗೂ ನಿದ್ದೆ ಆಗುತ್ತದೆ. ಮಗಳು ಆ ದನಿ ಕೇಳಿದ ತಕ್ಷಣ ಓಡಿ ಬಂದು ಫೋನಿಗೆ ಕೆನ್ನೆ ಒತ್ತಿ ಹಿಡಿಯುತ್ತಾಳೆ. ಮಕ್ಕಳು ನಿಮ್ಮನ್ನು ಮರೆತಿಲ್ಲ, ಟೀಚರ್.
– ಒಬ್ಬ ತಾಯಿ, ಹಾಸನ

ಕಿವಿ ಕೇಳದ ಮಕ್ಕಳಿಗೆ ಪಾಠ ಮಾಡುವವನು ನಾನು. ಮಾಸ್ಕ್ ಹಾಕಿದರೆ ಅವರಿಗೆ ನನ್ನ ತುಟಿ ಕಾಣುವುದಿಲ್ಲ. ಫೋನ್ ಹತ್ತಿರ ಇಟ್ಟರೆ ಸನ್ನೆ ಮಾಡುವ ಕೈ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ನಿಮ್ಮ ಸಂಕಟ ನನಗೆ ಗೊತ್ತು ಮೇಡಂ. ನಿದ್ದೆ ಬಾರದ್ದು ಎರಡು ವಾರ ದಾಟಿದ್ದರೆ ಸುಮ್ನೆ ತಡೆದುಕೊಳ್ಳಬೇಡಿ. ನಿಮ್ಹಾನ್ಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ. ನಾನೂ ಮಾಡಿದ್ದೇನೆ, ಕನ್ನಡದಲ್ಲೇ ಮಾತಾಡಿದೆ. ಇನ್ನೊಂದು ಮಾತು. ಪ್ರತಿ ಶನಿವಾರ ಸಂಜೆ 5ಕ್ಕೆ ನಾವು ನಾಲ್ಕು ಜನ ಶಿಕ್ಷಕರು ಫೋನಿನಲ್ಲಿ ಸೇರುತ್ತೇವೆ. ಪಾಠದ ಮಾತು ಕಡಿಮೆ, ಮನಸ್ಸಿನ ಮಾತು ಜಾಸ್ತಿ. ಸಂಪಾದಕರ ಹತ್ತಿರ ನನ್ನ ನಂಬರ್ ಇದೆ, ಕೇಳಿ ತೆಗೆದುಕೊಳ್ಳಿ. ಈ ಶನಿವಾರ ಕಾಯುತ್ತಿರುತ್ತೇವೆ.
– ಶಿಕ್ಷಕ, ಮಂಗಳೂರು