ಅಪ್ಪನ ಕೈಕಾಲು ಗಟ್ಟಿ ಇರುವಾಗಲೇ ಆಸ್ತಿ ಬರೆದಿಡುವುದು: ಅನುಭವ ಇದ್ದವರು ಹೇಳಿ

ಕೇಳಿದವರು: ಆಳಂದ ತಾಲ್ಲೂಕಿನ ರೈತ

ಎಲ್ಲರಿಗೂ ಶರಣು. ನಮ್ಮ ಅಪ್ಪನಿಗೆ 74 ವರ್ಷ. 14 ಎಕರೆ ಹೊಲವಿದೆ. ಅದರಲ್ಲಿ 8 ಎಕರೆ ಮುತ್ಯಾನಿಂದ (ಅಜ್ಜನಿಂದ) ಬಂದದ್ದು, 6 ಎಕರೆ ಅಪ್ಪನೇ ದುಡಿದು ಕೊಂಡದ್ದು. ಕಲಬುರಗಿಯಲ್ಲಿ ಅಪ್ಪ ಕಟ್ಟಿಸಿದ ಸಣ್ಣ ಮನೆಯೊಂದಿದೆ. ನಾವು ಇಬ್ಬರು ಅಣ್ಣತಮ್ಮಂದಿರು. ತಂಗಿಯನ್ನು ಹುಮನಾಬಾದಿಗೆ ಕೊಟ್ಟಿದ್ದೇವೆ. ತೊಗರಿ ರಾಶಿ ಮುಗಿದ ದಿನ ಅಪ್ಪ, "ನನ್ನ ಕೈಕಾಲು ಗಟ್ಟಿ ಇರುವಾಗಲೇ ಎಲ್ಲ ಬರೆದಿಡೋಣ, ಒಬ್ಬ ವಕೀಲರನ್ನು ನೋಡು" ಎಂದರು. ಕಟ್ಟೆಯ ಮೇಲೆ ಕುಳಿತವರನ್ನು ಕೇಳಿದರೆ ಒಬ್ಬರು ಮೃತ್ಯುಪತ್ರ ಎನ್ನುತ್ತಾರೆ, ಒಬ್ಬರು ವಾಟ್ನಿ (ಪಾಲು ಹಂಚಿಕೆ) ಎನ್ನುತ್ತಾರೆ, ಇನ್ನೊಬ್ಬರು ದಾನಪತ್ರವೇ ಒಳ್ಳೆಯದು ಎನ್ನುತ್ತಾರೆ. ವಕೀಲರ ಮುಂದೆ ಕೂರುವ ಮೊದಲು ನಾವು ಏನು ಸಿದ್ಧ ಮಾಡಿಕೊಳ್ಳಬೇಕು? ಈ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ.

ಕಲಬುರಗಿಯಿಂದ, ನಿವೃತ್ತ ಬ್ಯಾಂಕ್ ನೌಕರ

ತಮ್ಮಾ, ಮೊದಲು ತಂಗಿಗೆ ಫೋನ್ ಮಾಡು. ಕಾಗದಪತ್ರ ಆಮೇಲೆ. ನಾವು ಆ ಫೋನ್ ಮಾಡಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಅಪ್ಪ ಏನನ್ನೂ ಬರೆದಿಡದೆ ತೀರಿಕೊಂಡರು. ಚಿತ್ತಾಪುರದ ಕಡೆ 11 ಎಕರೆ ಹೊಲ. ಪಹಣಿಯಲ್ಲಿ ಅಪ್ಪನ ಹೆಸರೇ ಉಳಿದಿತ್ತು, ಬೆಳೆಸಾಲಕ್ಕೆ ಹೋದರೆ ವಾರಸಾ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿಕೊಂಡು ಬನ್ನಿ ಎಂದು ಕಳುಹಿಸುತ್ತಿದ್ದರು. ಅಣ್ಣ ಮತ್ತು ನಾನು ಮಾತಾಡಿಕೊಂಡು ಅಕ್ಕನಿಂದ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಂಡುಬಿಡುವುದೆಂದು ತೀರ್ಮಾನಿಸಿದೆವು. ಅಕ್ಕನಿಗೆ "ಒಂದು ಸಹಿ ಬೇಕಾಗಿದೆ, ಬಾ" ಎಂದಷ್ಟೇ ಹೇಳಿದೆವು. ಆ ದಿನ ಅವಳು ಕನ್ನಡಕ ಮರೆತು ಬಂದಿದ್ದಳು. ಪತ್ರ ಬರೆದವರು ಬೆರಳಿಟ್ಟು ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದಳು. ಪ್ರತಿ ಹಾಳೆಗೂ ಒಮ್ಮೆ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ನಾನು ಗೋಡೆಯ ಮೇಲಿನ ಸೂಚನಾ ಫಲಕ ಓದುತ್ತಾ ನಿಂತಿದ್ದೆ. ಮನೆಗೆ ಬಂದಮೇಲೆ ವೈನಿ ಉಡಿ ತುಂಬಿ ಸೀರೆ ಕೊಟ್ಟರು. ಅಕ್ಕ ಆ ಸೀರೆಯನ್ನು ದೇವರ ಜಗಲಿಯ ಮುಂದೆ ಇಟ್ಟು ಹಾಗೆಯೇ ಹೊರಟುಹೋದಳು. ಆಮೇಲೆ ನಾಲ್ಕು ವರ್ಷ ಪಂಚಮಿಗೆ ತವರಿಗೆ ಬರಲಿಲ್ಲ. ಅವ್ವ ಪ್ರತಿ ವರ್ಷವೂ ಉಂಡಿ ಕಟ್ಟಿ ಡಬ್ಬಿ ತುಂಬಿಡುತ್ತಿದ್ದಳು.

ಐದನೆಯ ವರ್ಷ ಅಣ್ಣ ಮತ್ತು ನಾನು ಹೊಲ ಹಂಚಿಕೊಳ್ಳಲೆಂದು ಹಿರಿಯ ವಕೀಲರೊಬ್ಬರ ಬಳಿ ಹೋದೆವು. ಅವರು ಹಳೆಯ ಪತ್ರವನ್ನು ಪೂರ್ತಿ ಓದಿ, "ಇವರಿಗೆ ಏನು ಕೊಟ್ಟಿದ್ದೀರಿ?" ಎಂದು ಕೇಳಿದರು. ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. "ಅವರನ್ನು ಕರೆತನ್ನಿ, ಅವರಿಲ್ಲದೆ ನಾನು ಮುಂದಿನದನ್ನು ಬರೆಯುವುದಿಲ್ಲ" ಎಂದರು. ಅಕ್ಕ ಬಂದಳು. ಅವಳು ಕೇಳಿದ್ದು 2 ಎಕರೆ, ಅಪ್ಪನ ಗದ್ದುಗೆ (ಸಮಾಧಿ) ಇರುವ ಮೂಲೆ. ಭೂಮಾಪಕರು ಬಂದು ಅಳೆದು 11ಇ ನಕ್ಷೆ (ಆ ಭಾಗವನ್ನು ಬೇರ್ಪಡಿಸಿ ತೋರಿಸುವ ನಕ್ಷೆ) ಮಾಡಿಕೊಟ್ಟ ಮೇಲೆ ಅಷ್ಟನ್ನು ದಾನಪತ್ರ ಮಾಡಿ ಅವಳ ಹೆಸರಿಗೆ ನೋಂದಾಯಿಸಿದೆವು. ಆ ವರ್ಷ ಪಂಚಮಿಗೆ ಬಂದಳು. ಆದರೆ ಅವ್ವನಿಗೆ ಆ ನಾಲ್ಕು ವರ್ಷಗಳನ್ನು ನಾವು ತಿರುಗಿಸಿ ಕೊಡಲಾರೆವು.

ಬ್ಯಾಂಕಿನಲ್ಲಿ ಕೆಲಸ ಮಾಡಿದವನಾಗಿ ಇನ್ನೊಂದು ಮಾತು. ನಾಮಿನಿ ಎಂದರೆ ವಾರಸುದಾರ ಅಲ್ಲ. ನಾಮಿನಿ ಹಣವನ್ನು ಪಡೆದುಕೊಳ್ಳುತ್ತಾನೆ, ಹಕ್ಕುದಾರರಿಗೆ ತಲುಪಿಸುವ ಹೊಣೆ ಅವನ ಮೇಲಿರುತ್ತದೆ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೀಗೆ ಹೇಳಿದೆ. ವಿಮೆಯ ವಿಷಯದಲ್ಲಿ 1983ರಲ್ಲೇ ಹೇಳಿತ್ತು, ಆದರೆ 2015ರಲ್ಲಿ ವಿಮಾ ಕಾಯ್ದೆ ತಿದ್ದುಪಡಿಯಾಗಿರುವುದರಿಂದ ಅದನ್ನು ವಕೀಲರನ್ನು ಕೇಳಿಕೊಳ್ಳಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಮೃತ್ಯುಪತ್ರದಲ್ಲಿ ಒಂದು ಹೆಸರು, ನಾಮಿನಿಯಲ್ಲಿ ಬೇರೆ ಹೆಸರು ಇದ್ದರೆ ಮನೆಯಲ್ಲಿ ಸಂಶಯ ಹುಟ್ಟುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಅಪ್ಪನ ಪಾಸ್‌ಬುಕ್, ಠೇವಣಿ ರಸೀದಿ, ವಿಮೆ, ಸೊಸೈಟಿ ಷೇರು, ಕೊಟ್ಟ ಕೈಗಡ, ತಂದ ಸಾಲ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಕಲಬುರಗಿಯಿಂದ, ವಕೀಲೆ

ಅಣ್ಣಾವರೇ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. 8 ಎಕರೆಯನ್ನೂ 6 ಎಕರೆಯನ್ನೂ ನೀವು ಬೇರೆಬೇರೆಯಾಗಿ ಬರೆದಿದ್ದೀರಿ. ವಕೀಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಿಮ್ಮ ತಂದೆ ದುಡಿದು ಕೊಂಡ 6 ಎಕರೆ ಮತ್ತು ಮನೆ ಸ್ವಯಾರ್ಜಿತವೆಂದು ದಾಖಲೆಗಳಿಂದ ತೋರಿದರೆ, ಅವನ್ನು ಯಾರಿಗೆ ಬೇಕಾದರೂ ಮೃತ್ಯುಪತ್ರ ಬರೆದು ಕೊಡಬಹುದು. ಮುತ್ಯಾನಿಂದ ಬಂದ 8 ಎಕರೆ ಪಿತ್ರಾರ್ಜಿತವಾಗಿದ್ದರೆ, ಅದರಲ್ಲಿ ಅವರ ಪಾಲಿಗೆ ಬರುವಷ್ಟನ್ನು ಮಾತ್ರ ಬರೆಯಬಹುದು. ಆದರೆ "ಮುತ್ಯಾನದು" ಎಂದ ಮಾತ್ರಕ್ಕೆ ಪಿತ್ರಾರ್ಜಿತ ಆಗಿಬಿಡುವುದಿಲ್ಲ. ಮುತ್ಯಾ ಅದನ್ನು ತಾನೇ ಕೊಂಡಿದ್ದನೇ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮೊದಲು ತೀರಿಕೊಂಡನೇ ನಂತರವೇ, ಅಣ್ಣತಮ್ಮಂದಿರಲ್ಲಿ ವಾಟ್ನಿ ಆಗಿತ್ತೇ, ಇದೆಲ್ಲ ಗೊತ್ತಾಗಬೇಕು. ನಮ್ಮ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಬಹಳಷ್ಟು ಹಳೆಯ ದಾಖಲೆ ಉರ್ದುವಿನಲ್ಲಿದೆ. ಹಳೆಯ ಭೂದಾಖಲೆಯಾದ ಖಾಸ್ರಾ ಪಹಣಿಯ ನಕಲು ತೆಗೆಸಿ. ಓದಬಲ್ಲವರಿಂದ ಪ್ರತಿಯೊಂದು ಹೆಸರನ್ನೂ ಓದಿಸಿಕೊಳ್ಳಿ. ಮುತ್ಯಾನ ಅಣ್ಣತಮ್ಮಂದಿರ ಹೆಸರು ಅಲ್ಲಿ ಕಂಡರೆ ಈಗಲೇ ತಿಳಿಯುವುದು ಒಳ್ಳೆಯದು.

ತಂಗಿಯ ವಿಷಯ. 2005ರ ಸೆಪ್ಟೆಂಬರ್ 9ರಿಂದ ಮಗಳೂ ಮಗನಂತೆಯೇ ಹುಟ್ಟಿನಿಂದ ಪಿತ್ರಾರ್ಜಿತದಲ್ಲಿ ಹಕ್ಕುದಾರಳು. ಮದುವೆಯಾಗಿದ್ದರೂ ಸರಿ. ಆ ದಿನ ತಂದೆ ಬದುಕಿರಲೇಬೇಕೆಂಬ ಗೊಂದಲ ಬಹಳ ಕಾಲ ಇತ್ತು. ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಅದನ್ನು ತೆಗೆದುಹಾಕಿತು. "ಮದುವೆಯಲ್ಲಿ ಬಂಗಾರ ಕೊಟ್ಟಿದ್ದೇವಲ್ಲ" ಎಂದು ನನ್ನ ಮುಂದೆ ಕುಳಿತು ಹೇಳುವವರು ಇಂದಿಗೂ ಇದ್ದಾರೆ. ಆ ಬಂಗಾರದಿಂದ ಹೊಲದ ಹಕ್ಕು ಹೋಗುವುದಿಲ್ಲ. ಏನನ್ನೂ ಬರೆಯದೆ ನಿಮ್ಮ ತಂದೆ ತೀರಿಕೊಂಡರೆ ಸ್ವಯಾರ್ಜಿತದಲ್ಲಿ ನಿಮ್ಮ ತಾಯಿ, ನೀವಿಬ್ಬರು, ತಂಗಿ ಎಲ್ಲರಿಗೂ ಸಮಪಾಲು. ಆಯಿ (ನಿಮ್ಮ ತಂದೆಯ ತಾಯಿ) ಇನ್ನೂ ಬದುಕಿದ್ದರೆ ಅವರಿಗೂ ಒಂದು ಪಾಲು ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ.

ಮೃತ್ಯುಪತ್ರಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಅದಕ್ಕಿಂತ ಮುಖ್ಯ ಸಾಕ್ಷಿಗಳು. ಇಬ್ಬರು ಬೇಕೇಬೇಕು, ಮತ್ತು ಅವರು ನಿಮ್ಮ ತಂದೆಯ ಎದುರಿನಲ್ಲೇ ಸಹಿ ಹಾಕಬೇಕು. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುತ್ತದೆ, ಪತ್ರ ನೋಂದಣಿಯಾಗಿದ್ದರೂ ಅಷ್ಟೇ. ಹೀಗಾಗಿ ತಂದೆಗಿಂತ ಚಿಕ್ಕ ವಯಸ್ಸಿನವರನ್ನು, ಊರಲ್ಲೇ ಇರುವವರನ್ನು, ಆಸ್ತಿಯಲ್ಲಿ ಏನೂ ಬಾರದವರನ್ನು ಆರಿಸಿ. ಗೌರವಕ್ಕೆಂದು 80 ವರ್ಷದ ಹಿರಿಯರಿಬ್ಬರನ್ನು ಸಾಕ್ಷಿ ಮಾಡಿದ ಒಂದು ಪ್ರಕರಣದಲ್ಲಿ, ನಾನು ವಾದಿಸುವ ಹೊತ್ತಿಗೆ ಇಬ್ಬರೂ ಇರಲಿಲ್ಲ. ಅವರ ಸಹಿ ಗುರುತಿಸುವವರನ್ನು ಹುಡುಕಿಕೊಂಡು ಮೂರು ಊರು ತಿರುಗಿದೆವು. ಅದೇ ದಿನದ ವೈದ್ಯರ ಪ್ರಮಾಣಪತ್ರವೊಂದನ್ನು ಜೊತೆಗಿಡಿ, ತಂದೆಯ ಬುದ್ಧಿ ಸ್ವಸ್ಥವಾಗಿತ್ತೆಂದು ತೋರಿಸಲು. ಮನಸ್ಸು ಬದಲಾದರೆ ಮೃತ್ಯುಪತ್ರವನ್ನು ಅವರು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರಕ್ಕೆ ಆ ಅನುಕೂಲವಿಲ್ಲ. ನೋಂದಣಿಯಾಯಿತೆಂದರೆ ಆಸ್ತಿ ಕೈಬಿಟ್ಟಂತೆಯೇ.

ಇನ್ನು, ವಕೀಲರನ್ನು ಮೊದಲು ಕೇಳಬೇಕಾದ ಪ್ರಶ್ನೆ: "ನೀವು ಯಾರ ಪರ?" ಮೃತ್ಯುಪತ್ರವಾದರೆ ಅವರು ನಿಮ್ಮ ತಂದೆಯ ಪರ, ನಿಮ್ಮ ಪರ ಅಲ್ಲ. ಸ್ವಲ್ಪ ಹೊತ್ತು ತಂದೆಯೊಬ್ಬರನ್ನೇ ಒಳಗೆ ಕೂರಿಸಿಕೊಂಡು ಮಾತಾಡುವ ವಕೀಲರನ್ನು ನಂಬಿ. ಮಗ ಹೇಳಿದ್ದನ್ನು ಹೇಳಿದಂತೆ ಬರೆದುಕೊಡುವವರಿಂದ ದೂರವಿರಿ. ಶುಲ್ಕ ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಶುಲ್ಕ ಕೊಡಲು ಕಷ್ಟವಿರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಬೀದರ್‌ನಿಂದ, ಶಾಲಾ ಶಿಕ್ಷಕಿ

ಮೇಲಿನದೆಲ್ಲ ಹಿಂದೂ ಕುಟುಂಬಗಳಿಗೆ. ನಮ್ಮಂಥ ಮುಸ್ಲಿಂ ಮನೆಗಳವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ. ಅಬ್ಬಾ ತಮ್ಮನ್ನು ಕೊನೆಯವರೆಗೆ ನೋಡಿಕೊಂಡ ನನ್ನ ತಂಗಿಗೆ ಮನೆಯನ್ನು ವಸಿಯತ್ (ಮೃತ್ಯುಪತ್ರ) ಬರೆಯಬೇಕೆಂದಿದ್ದರು. ವಕೀಲರು ಬೇಡವೆಂದರು. ವಸಿಯತ್ ಮಾಡಬಹುದಾದದ್ದು ಆಸ್ತಿಯ ಮೂರನೆಯ ಒಂದು ಭಾಗವನ್ನು ಮಾತ್ರ. ಅದೂ ವಾರಸುದಾರರಲ್ಲೇ ಒಬ್ಬರಿಗೆ ಬರೆದರೆ, ನಮ್ಮ ಸುನ್ನಿ ಪದ್ಧತಿಯಲ್ಲಿ, ಬರೆದವರ ಮರಣದ ನಂತರ ಉಳಿದ ವಾರಸುದಾರರು ಒಪ್ಪಬೇಕು. ಬದುಕಿರುವಾಗ ಹಿಬಾ (ದಾನ) ಮಾಡುವುದಕ್ಕೆ ಆ ಮಿತಿಯಿಲ್ಲ. ಕೊಟ್ಟೆನೆಂದು ಹೇಳಬೇಕು, ಪಡೆದೆನೆಂದು ಒಪ್ಪಬೇಕು, ಸ್ವಾಧೀನ ಬಿಟ್ಟುಕೊಡಬೇಕು. ಅಬ್ಬಾ ನಮ್ಮೆಲ್ಲರ ಎದುರು ಬೀಗದ ಕೈಗೊಂಚಲನ್ನು ತಂಗಿಯ ಅಂಗೈಗೆ ಇಟ್ಟರು. ಅದೇ ವಾರ ಖಾತೆ, ನೀರಿನ ನಳ, ವಿದ್ಯುತ್ ಮೀಟರ್ ಎಲ್ಲವನ್ನೂ ಅವಳ ಹೆಸರಿಗೆ ಬದಲಿಸಿದೆವು. ಬಾಯಿಮಾತಿನ ಹಿಬಾ ಸಹ ನಡೆಯುತ್ತದಂತೆ. ಆದರೂ ವಕೀಲರು ಬರಹದಲ್ಲಿ ಮಾಡಿಸಿ ನಾವು ಮಕ್ಕಳೆಲ್ಲರ ಸಹಿ ಹಾಕಿಸಿದರು, ಅದು ನನಗೆ ಸಮಾಧಾನ ಕೊಟ್ಟಿತು.

ಯಾದಗಿರಿ ಜಿಲ್ಲೆ, ಶಹಾಪುರದ ಕಡೆಯವರು

ನಮ್ಮದು ಪರಿಶಿಷ್ಟ ಜಾತಿಯ ಕುಟುಂಬ, ಸರ್ಕಾರ ಮಂಜೂರು ಮಾಡಿದ 4 ಎಕರೆ ಭೂಮಿ. ಅಪ್ಪ ತಮ್ಮನ ಹೆಸರಿಗೆ ದಾನಪತ್ರ ಮಾಡಲು ಹೊರಟಿದ್ದರು. ಛಾಪಾ ಕಾಗದವನ್ನೂ ತಂದಾಗಿತ್ತು. ವಕೀಲರು ತಡೆದರು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಇಂಥ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ, ದಾನ ಕೊಡುವಂತೆಯೂ ಇಲ್ಲ. ಆದರೆ ಮನೆಯವರೊಳಗಿನ ವಾಟ್ನಿಯನ್ನೂ ಮೃತ್ಯುಪತ್ರವನ್ನೂ ಕಾಯ್ದೆಯೇ ಇದರಿಂದ ಹೊರಗಿಟ್ಟಿದೆ. ನಾವು ವಾಟ್ನಿ ಮಾಡಿಕೊಂಡೆವು. ಮಂಜೂರಾತಿ ಆದೇಶದ ಪ್ರತಿಯನ್ನು ಜೋಪಾನವಾಗಿಡಿ. ನಮ್ಮ ಅಪ್ಪ ಅದನ್ನು ಧಾನ್ಯದ ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರಿಂದ ನಮ್ಮ ಕೆಲಸ ಸುಲಭವಾಯಿತು.

ತೀರಿಕೊಂಡವರ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ, ಮುಂದೆ ಆ ಹೊಲದ ಪ್ರತಿ ಕಾಗದಕ್ಕೂ ಅದೇ ಅಡ್ಡ ಬರುತ್ತದೆ.

ಭಾಲ್ಕಿಯಿಂದ, ಒಬ್ಬ ಹಿರಿಯ ತಾಯಿ

ಯಾರೇ ದಾನಪತ್ರ ಮಾಡಲಿ, "ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು" ಎಂಬ ಮಾತನ್ನು ಪತ್ರದೊಳಗೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ಆ ಷರತ್ತು ಮುರಿದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಿ ಪತ್ರ ರದ್ದು ಮಾಡಿಸಬಹುದು. ನನ್ನ ಪತ್ರದಲ್ಲಿ ಆ ಸಾಲು ಇರಲಿಲ್ಲ. ಮಗನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿಯಾರೆಂದು ನಾನೇ ಬೇಡವೆಂದಿದ್ದೆ. ಈಗ ಮಗಳ ಮನೆಯಲ್ಲಿದ್ದೇನೆ.

ಕೇಳಿದವರು: ಆಳಂದ ತಾಲ್ಲೂಕಿನ ರೈತ

ಬ್ಯಾಂಕಿನ ಅಣ್ಣಾವರು ಹೇಳಿದಂತೆ ಮೊನ್ನೆ ರಾತ್ರಿ ತಂಗಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ, ಅವಳ ಹಕ್ಕು ಇದೆ ಎಂಬುದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೊಲದ್ದು ಕೂತು ಮಾತಾಡೋಣ ಅಣ್ಣಾ, ಮೊದಲು ಕಲಬುರಗಿಯ ಮನೆ ಅವ್ವನ ಹೆಸರಿಗೆ ಆಗಲಿ" ಎಂದಳು. ನಾನು ಇಲ್ಲಿ ಬರೆದ ಪ್ರಶ್ನೆಯನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿ ಅವ್ವನ ಮಾತೇ ಇಲ್ಲ. ಅಪ್ಪನಿಗೆ ಹೇಳಿದಾಗ ಅವರು ಅವ್ವನ ಕಡೆ ನೋಡಿದರು. ಅವ್ವ ತೊಗರಿ ಹಸನು ಮಾಡುತ್ತಿದ್ದಳು, ಮೊರದಿಂದ ತಲೆ ಎತ್ತಲಿಲ್ಲ, ಆದರೆ ಕೈ ನಿಂತಿತ್ತು.

ಮನೆಯನ್ನು ಅವ್ವನಿಗೆ ಈಗಲೇ ದಾನಪತ್ರ ಮಾಡುವುದೋ ಮೃತ್ಯುಪತ್ರದಲ್ಲಿ ಬರೆಯುವುದೋ ಎಂಬುದನ್ನು ವಕೀಲರನ್ನು ಕೇಳಿ ನಿರ್ಧರಿಸುತ್ತೇವೆ. ಖಾಸ್ರಾ ಪಹಣಿಗೆ ಅರ್ಜಿ ಹಾಕಿದ್ದೇನೆ. ಸೋಮವಾರ ಬೆಳಗಿನ ಬಸ್ಸಿಗೆ ಅಪ್ಪ, ಅವ್ವ, ತಮ್ಮ, ನಾನು ಕಲಬುರಗಿಗೆ ಹೊರಟಿದ್ದೇವೆ. ತಂಗಿ ಹುಮನಾಬಾದಿನಿಂದ ನೇರವಾಗಿ ಅಲ್ಲಿಗೇ ಬರುತ್ತಾಳೆ. ಕನ್ನಡಕ ಮರೆಯದೆ ತರಲು ಹೇಳಿದ್ದೇನೆ.