ಕಸಿ ಮಾಡಿದ ಲಿವರ್‌ಗೂ ಕೊಬ್ಬು ಬಂದಿದೆ, ತಮ್ಮನಿಗೆ ಗ್ರೋತ್ ಹಾರ್ಮೋನ್ ಕೊಡಿಸಬಹುದಾ?

ತುಮಕೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ 27 ವರ್ಷ. ಹನ್ನೊಂದು ವರ್ಷದವನಿದ್ದಾಗ ಮಿದುಳಿನ ಕೆಳಗೆ ಹಾರ್ಮೋನ್‌ಗಳನ್ನು ಸುರಿಸೋ ಪಿಟ್ಯುಟರಿ ಗ್ರಂಥಿಯ ಹತ್ತಿರ ಕ್ರೇನಿಯೋಫ್ಯಾರಿಂಜಿಯೋಮಾ ಅನ್ನೋ ಗಡ್ಡೆ ಬಂದು ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರ ಜೊತೆ ಪಿಟ್ಯುಟರಿಯ ಕೆಲಸವೂ ನಿಂತುಹೋಯಿತು. ಆವತ್ತಿನಿಂದ ಅದು ಮಾಡಬೇಕಿದ್ದ ಕೆಲಸಕ್ಕೆ ಥೈರಾಯ್ಡ್ ಮಾತ್ರೆ, ಹೈಡ್ರೋಕಾರ್ಟಿಸೋನ್, ಡೆಸ್ಮೋಪ್ರೆಸಿನ್ ಒಂದು ದಿನವೂ ತಪ್ಪಿಸಿಲ್ಲ. ಗ್ರೋತ್ ಹಾರ್ಮೋನ್ ಮಾತ್ರ ಕೆಲವು ವರ್ಷ ಕೊಟ್ಟು, ಎತ್ತರ ಸಾಕು ಅಂತ ನಿಲ್ಲಿಸಿದರು. ಆಮೇಲೆ ಯಾರೂ ಅದರ ಮಾತೇ ಎತ್ತಲಿಲ್ಲ. ಇದು ನನಗೆ ಇವತ್ತಿಗೂ ನೋವು.

ಹೊಟ್ಟೆ ಸುತ್ತ ಕೊಬ್ಬು ಬಂತು, ಲಿವರ್‌ಗೂ ಬಂತು. 24ಕ್ಕೇ ಸಿರೋಸಿಸ್, ಲಿವರ್ ಗಟ್ಟಿಯಾಗಿ ಕೆಟ್ಟುಹೋಯಿತು. ಹೆಂಡದ ವಾಸನೆಯೂ ಗೊತ್ತಿಲ್ಲದ ಹುಡುಗ. ನನ್ನ ಲಿವರ್‌ನ ಬಲಭಾಗ ಕೊಟ್ಟೆ. ಎರಡೂವರೆ ವರ್ಷ ಚೆನ್ನಾಗಿದ್ದ. ಹೋದ ತಿಂಗಳು ಸ್ಕ್ಯಾನಿಂಗ್‌ನಲ್ಲಿ ಮತ್ತೆ ಫ್ಯಾಟಿ ಲಿವರ್, ಗ್ರೇಡ್ 2. ರಕ್ತಪರೀಕ್ಷೆಯಲ್ಲಿ ಲಿವರ್ ಎನ್‌ಜೈಮ್ ಎಸ್‌ಜಿಪಿಟಿ 96, ಜಾಸ್ತಿ.

ಮನೆಗೆ ಬಂದ ನೆಂಟರೊಬ್ಬರು "ಅಕ್ಕ ಕೊಟ್ಟಿದ್ದನ್ನೂ ತಿಂದು ಕೆಡಿಸಿಕೊಂಡ" ಅಂದುಬಿಟ್ಟರು. ಅವನು ರಾತ್ರಿ ತಿನ್ನೋದೇ ಒಂದು ಮುದ್ದೆ. ಅವತ್ತು ಅದರಲ್ಲೂ ಅರ್ಧ ಮುರಿದು ತಟ್ಟೆಯ ಅಂಚಿಗೆ ಸರಿಸಿ ಎದ್ದುಹೋದ.

ಹೊಸ ಹಾರ್ಮೋನ್ ಡಾಕ್ಟರು ದಿನಾ ರಾತ್ರಿ ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಶುರು ಮಾಡೋಣ ಅಂತಾರೆ. ಗಡ್ಡೆ ಮತ್ತೆ ಬೆಳೆದರೆ? ಕಸಿ ಮಾತ್ರೆಗಳಿಗೆ ತೊಂದರೆ ಆದರೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾರ್ಮೋನ್ ವಿಭಾಗದ ಡಾಕ್ಟರ್

ಅಕ್ಕ, ಮೊದಲು ನಿಮ್ಮ ತಮ್ಮನಿಗೆ ಇಷ್ಟು ಹೇಳಿ: ತಪ್ಪು ಅವನ ಊಟದ್ದಲ್ಲ. ಬೆಳೆದು ದೊಡ್ಡವರಾದ ಮೇಲೂ ಈ ಹಾರ್ಮೋನ್ ಬೇಕು, ಹೊಟ್ಟೆಯೊಳಗಿನ ಕೊಬ್ಬು ಕರಗಿಸೋದರಲ್ಲಿ ಅದರ ಪಾಲು ದೊಡ್ಡದು. ಜಪಾನಿನ ಕೋಬೆ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಹಾರ್ಮೋನ್ ಕೊರತೆ ಇದ್ದವರಲ್ಲಿ 77% ಜನರಿಗೆ ಫ್ಯಾಟಿ ಲಿವರ್ ಇತ್ತು, ಹೋಲಿಕೆಗೆ ತಗೊಂಡ ಆರೋಗ್ಯವಂತರಲ್ಲಿ 12%. ಇಂಜೆಕ್ಷನ್ ಕೊಟ್ಟಾಗ ಲಿವರ್ ಎನ್‌ಜೈಮ್‌ಗಳು ಇಳಿದವು. ಹೊಸ ಲಿವರ್ ಹಾಕಿದರೂ ಪಿಟ್ಯುಟರಿ ಹಳೆಯದೇ ಅಲ್ವಾ? ಅದಕ್ಕೇ ರೋಗ ತಿರುಗಿ ಬರುತ್ತದೆ. ಕಸಿ ಆದವರಲ್ಲಿ ಈ ಚಿಕಿತ್ಸೆಯ ವರದಿಗಳು ಕಡಿಮೆ, ಹಾಗಾಗಿ ಲಿವರ್ ಡಾಕ್ಟರೂ ಹಾರ್ಮೋನ್ ಡಾಕ್ಟರೂ ಮಾತಾಡಿಕೊಂಡೇ ಶುರು ಮಾಡಬೇಕು.

ಕೊರತೆ ತುಂಬುವಷ್ಟೇ ಡೋಸ್ ಕೊಟ್ಟರೆ ಈ ಗಡ್ಡೆ ಮರುಕಳಿಸೋದು ಜಾಸ್ತಿಯಾಗುತ್ತದೆ ಅಂತ ಕಂಡುಬಂದಿಲ್ಲ. ಆದರೂ ಮೊದಲು ಎಂಆರ್‌ಐ ಮಾಡಿಸಿ. ಶುಗರ್ ನೋಡುತ್ತಿರಿ, ಕಸಿಗೆ ಕೊಡೋ ಟ್ಯಾಕ್ರೋಲಿಮಸ್ ಮಾತ್ರೆಯೇ ಅದನ್ನು ಏರಿಸಬಲ್ಲದು, ಈಗ ಈ ಇಂಜೆಕ್ಷನ್ನೂ ಸೇರುತ್ತದೆ. ಡೋಸ್ ಸಣ್ಣದರಿಂದ ಶುರು, ಈ ಹಾರ್ಮೋನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸೋ ಐಜಿಎಫ್-1 ರಕ್ತಪರೀಕ್ಷೆ ನೋಡಿ ಏರಿಸೋದು. ಇನ್ನೊಂದು ಮುಖ್ಯ ವಿಷಯ. ಈ ಇಂಜೆಕ್ಷನ್ ಶುರುವಾದ ಮೇಲೆ ಹೈಡ್ರೋಕಾರ್ಟಿಸೋನ್, ಥೈರಾಯ್ಡ್ ಮಾತ್ರೆ ಸಾಲದೆ ಬರಬಹುದು. ವಾಂತಿ, ವಿಪರೀತ ಸುಸ್ತು ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮೈಸೂರಿನ ಅಮ್ಮ

ನನ್ನ ಮಗಳು ಇದೇ ಇಂಜೆಕ್ಷನ್ ತಗೊಳ್ತಾಳೆ, ಕಸಿ ಆಗಿಲ್ಲ. ಮೊದಲ ತಿಂಗಳು ಪಾದ ಊದಿತು, ಕೀಲು ನೋವು ಬಂತು. ಡೋಸ್ ಇಳಿಸಿದ ಮೇಲೆ ಹೋಯಿತು. ಪೆನ್ ಫ್ರಿಜ್ಜಿನ ಬಾಗಿಲಲ್ಲಿಡಿ, ಫ್ರೀಜರ್ ಹತ್ತಿರ ಬೇಡ. ನಾನು ಒಂದು ಸಲ ಹಿಂದುಗಡೆ ಇಟ್ಟು ಹೆಪ್ಪುಗಟ್ಟಿ, ಪೂರ್ತಿ ಪೆನ್ ಎಸೆಯಬೇಕಾಯಿತು. ನಿಮ್ಮ ತಮ್ಮನ ಹೊಟ್ಟೆ ಮೇಲೆ ಹೊಲಿಗೆ ಗುರುತು ಇರುತ್ತಲ್ಲ, ತೊಡೆಗೆ ಚುಚ್ಚೋದು ಸುಲಭ ಅನ್ನಿಸುತ್ತೆ. ದಿನಾ ಜಾಗ ಬದಲಿಸಿ.

ಕಸಿ ಆದವನು, ಹಾಸನ

ನನಗೂ ಕಸಿ ಆದಮೇಲೆ ಕೊಬ್ಬು ಬಂತು. ನನ್ನದು ಶುಗರ್, ತೂಕದಿಂದ ಬಂದದ್ದು, ಶುಗರ್, ತೂಕ ಇಳಿಸೋ ಸೆಮಾಗ್ಲುಟೈಡ್ ಔಷಧಿ ನಡೀತಿದೆ. ನಿಮ್ಮ ತಮ್ಮನ ಕಾರಣ ಬೇರೆ, ನನ್ನದನ್ನು ನೋಡಿ ಅದೇ ಬೇಕು ಅನ್ನಬೇಡಿ. ಚಕ್ಕೋತ ಮಾತ್ರ ಕೊಡಬೇಡಿ, ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರಿಬಿಡುತ್ತದೆ.

ತುಮಕೂರಿನ ಅಕ್ಕ

ಡಾಕ್ಟರೇ, ನಿಮ್ಮ ಮೊದಲ ಸಾಲನ್ನು ಅಮ್ಮನ ಎದುರಿಗೇ ಅವನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದ. ಎಂಆರ್‌ಐ ಸೋಮವಾರಕ್ಕೆ ಸಿಕ್ಕಿದೆ. ಚಕ್ಕೋತದ ವಿಷಯ ನಮಗೆ ಗೊತ್ತೇ ಇರಲಿಲ್ಲ ಅಣ್ಣ. ಚಿಕ್ಕಪ್ಪ ದೇವನಹಳ್ಳಿಯಿಂದ ತಂದ ಎರಡು ಹಣ್ಣು ಅಡುಗೆಮನೆಯಲ್ಲೇ ಇದ್ದವು. ಈಗಷ್ಟೇ ಪಕ್ಕದ ಮನೆಗೆ ಕೊಟ್ಟು ಬಂದೆ.